ಪುರುಡಿನ ಮನೆಯಲ್ಲಿ ಮಹಜರು

ಎಂಬತ್ತರ ದಶಕದ ಆರಂಭದ ಒಂದು ಬೇಸಗೆಯಲ್ಲಿ ತುಮಕೂರಿನ ಒಂದು ಬಡಾವಣೆಯ ಸಮಸ್ತ ಅಧಿಕಾರವೂ ನನ್ನೊಬ್ಬನ ಕೈಗೆ ಬಂದಿತ್ತು. ರಸ್ತೆ, ಬೀದಿದೀಪ, ನಲ್ಲಿ ನೀರು, ಕೊನೆಗೆ ಯಾರ ಮನೆ ಉಳಿಯಬೇಕು ಯಾರದು ಹೋಗಬೇಕು ಎಂಬುದು ಕೂಡ. ಆ ದಿನಗಳಲ್ಲಿ ಹೆದರಿದಷ್ಟು ನಾನು ಅದಕ್ಕೆ ಮೊದಲೂ ಹೆದರಿರಲಿಲ್ಲ, ಆಮೇಲೂ ಹೆದರಿಲ್ಲ. ಮೊದಲೇ ನಾನು ಪುಕ್ಕಲು ಮನುಷ್ಯ. ಎದುರಿಗೆ ನಾಯಿ ನಿಂತಿದ್ದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುವವನು. ಅಂಥವನ ಕೈಗೆ ಅಧಿಕಾರ ಬಂದರೆ ಅದು ಅವನನ್ನೇ ಹೆದರಿಸುತ್ತದೆ.

ನಾನು ಸಹಕಾರ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿ ಸೊಸೈಟಿಗಳ ತಪಾಸಣೆ ನನ್ನ ಪಾಲಿನ ಕೆಲಸ. ಬಸ್ಸಿನ ಫುಟ್‌ಬೋರ್ಡಿನಲ್ಲೇ ಅರ್ಧ ಸರ್ವೀಸು ಕಳೆದಿತ್ತು. ಹೀಗಿರುವಾಗ ಬಟವಾಡಿಯಿಂದಾಚೆ ಹೆದ್ದಾರಿ ಪಕ್ಕದಲ್ಲಿದ್ದ ಒಂದು ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ, ಬಡಾವಣೆಯ ದೇವಸ್ಥಾನ ಪೂರ್ವದ ಮೂಲೆಯಲ್ಲಿರಬೇಕೋ ಪಶ್ಚಿಮದ ಮೂಲೆಯಲ್ಲಿರಬೇಕೋ ಎಂದು ಜಗಳವಾಗಿ, ಆಡಳಿತ ಮಂಡಳಿಯವರೆಲ್ಲ ಒಟ್ಟಿಗೆ ರಾಜೀನಾಮೆ ಬಿಸಾಡಿದರು. ಹೊಸ ಚುನಾವಣೆ ನಡೆಯುವವರೆಗೆ ನನ್ನನ್ನು ಅಲ್ಲಿಗೆ ಆಡಳಿತಾಧಿಕಾರಿ ಎಂದು ಹಾಕಿದರು.

"ಏನ್ ಮಹಾ ಕೆಲ್ಸ ಇರುತ್ರೀ ಅಲ್ಲಿ? ಬೆಳಿಗ್ಗೆ ಹೋಗೋದು, ಸೈನ್ ಹಾಕೋದು, ಬರೋದು. ಊರಲ್ಲೇ ಇರ್ತೀರಿ, ಮನೆ ಊಟ ಮಾಡ್ತೀರಿ," ಎಂದರು ನನ್ನ ಮೇಲಧಿಕಾರಿ. ನನಗೂ ಖುಷಿಯೇ ಆಯಿತು.

ಆ ಬಡಾವಣೆಯನ್ನು ನಗರಸಭೆ ಇನ್ನೂ ವಹಿಸಿಕೊಂಡಿರಲಿಲ್ಲ. ಹಾಗಾಗಿ ಅಲ್ಲಿಯ ಜನಕ್ಕೆ ಸರ್ಕಾರವೆಂದರೆ ಸಂಘವೇ. ಇದ್ದದ್ದು ಒಂದು ಬೋರ್‌ವೆಲ್ಲು, ಒಂದು ಎತ್ತರದ ಟ್ಯಾಂಕು. ಪ್ರತಿ ಅಡ್ಡರಸ್ತೆಯ ತಲೆಯಲ್ಲೂ ನೆಲದೊಳಗೊಂದು ವಾಲ್ವು. ನೀರುಗಂಟಿ ಉದ್ದನೆಯ ಕಬ್ಬಿಣದ ಕೀ ಇಳಿಸಿ ತಿರುಗಿಸಿದರೆ ಆ ರಸ್ತೆಗೆ ನೀರು, ತಿರುಗಿಸದಿದ್ದರೆ ಇಲ್ಲ. ಸೈಟುಗಳ ವಿಷಯ ಇನ್ನೂ ಬಿಗಿ. ಅವನ್ನು ಸದಸ್ಯರಿಗೆ ನೇರವಾಗಿ ಮಾರಿರಲಿಲ್ಲ. ಮೊದಲು ಕೆಲವು ವರ್ಷ ಗುತ್ತಿಗೆ, ಷರತ್ತುಗಳನ್ನೆಲ್ಲ ಪಾಲಿಸಿದರೆ ಆಮೇಲೆ ಕ್ರಯಪತ್ರ. ಅಷ್ಟರೊಳಗೆ ಷರತ್ತು ಮುರಿದರೆ ಸಂಘ ಸೈಟನ್ನು ವಾಪಸು ತೆಗೆದುಕೊಳ್ಳಬಹುದು, ಮೇಲೆ ಕಟ್ಟಿದ ಮನೆಯ ಸಮೇತ. ಗೃಹಪ್ರವೇಶ ಮಾಡಿ, ತೋರಣ ಒಣಗಿ, ಮಕ್ಕಳ ಮದುವೆ ಮಾಡಿದ ಮೇಲೂ ಮನೆ ತಮ್ಮದಲ್ಲ ಎಂಬುದು ಅಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ನಾನು ಹೋಗಿ ಕುರ್ಚಿಯ ಧೂಳು ಒರೆಸಿಕೊಂಡು ಕೂತ ಕೆಲವೇ ದಿನದಲ್ಲಿ ಒಂದು ಗುಂಪು ಬಂತು. ಮುಂದೆ ಇದ್ದವರು ಮಾಜಿ ಅಧ್ಯಕ್ಷರು, ಕೊಬ್ಬರಿ ಮಂಡಿಯ ವ್ಯಾಪಾರಿ. ದನಿ ಏರಿಸಿ ಮಾತಾಡುವವರಲ್ಲ. ಕೂಗಾಡುವವರನ್ನು ಕಂಡರೆ ನನಗೆ ಭಯ, ಮೆತ್ತಗೆ ಮಾತಾಡುವವರನ್ನು ಕಂಡರೆ ಇನ್ನೂ ಭಯ. ಅವರ ಪಕ್ಕದಲ್ಲಿ ನಿವೃತ್ತ ಮೇಷ್ಟ್ರೊಬ್ಬರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಠದ ಶಾಲೆಯಲ್ಲಿ ಪಾಠ ಮಾಡಿ ಗಟ್ಟಿಯಾದ ಗಂಟಲು.

"ಕೊನೇ ಅಡ್ಡರಸ್ತೇಲಿ ಒಬ್ರು ರಿಟೈರ್ಡ್ ನರ್ಸ್ ಇದಾರೆ ಸ್ವಾಮಿ," ಎಂದರು ಮಾಜಿ ಅಧ್ಯಕ್ಷರು. "ಮನೇನ ಹೆರಿಗೆ ಆಸ್ಪತ್ರೆ ಮಾಡ್ಕೊಂಡ್ ಕೂತಿದಾರೆ. ಸೈಟು ವಾಸಕ್ಕೆ ಮಾತ್ರ ಅಂತ ಷರತ್ತಿದೆ. ಕ್ಯಾನ್ಸಲ್ ಮಾಡಿ. ಮಾಡೋವರೆಗೂ ನೀರು ನಿಲ್ಸಿ."

"ನಿಯಮ ಅಂದ್ರೆ ನಿಯಮ," ಎಂದರು ಮೇಷ್ಟ್ರು. ದೂರಿನ ಅರ್ಜಿಯಲ್ಲಿ ಮೊದಲ ಸಹಿ ಅವರದೇ.

ಹಿಂದೆ ನಿಂತಿದ್ದವರೊಬ್ಬರು ನಿಜವಾದ ಹೊಟ್ಟೆನೋವನ್ನು ಹೇಳಿದರು: "ಪಕ್ಕದ ರಸ್ತೇಲಿ ವರ್ಷಪೂರ್ತಿ ಪುರುಡು ಸಾರ್. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು. ನಾವು ದೇವ್ರಿಗೆ ದೀಪ ಹಚ್ಚೋದಾದ್ರೂ ಹೆಂಗೆ?" ಹೆತ್ತ ಮನೆಯ ಮೈಲಿಗೆ ಆ ಮನೆಯವರಿಗಷ್ಟೇ ಸೇರಿದ್ದು, ಬೀದಿಗೆಲ್ಲ ಹಬ್ಬುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಅದನ್ನು ಹೇಳದೆ ಅರ್ಜಿ ತೆಗೆದುಕೊಂಡೆ.

ಪರಿಶೀಲಿಸುತ್ತೇನೆ ಎಂದೆ. ಎಲ್ಲರೂ ಎದ್ದು ಹೋದ ಮೇಲೆ ಮಾಜಿ ಅಧ್ಯಕ್ಷರು ಬಾಗಿಲಲ್ಲಿ ಒಂದು ಗಳಿಗೆ ನಿಂತರು. "ನೀವಿರೋ ಬಾಡಿಗೆ ಮನೆ ಓನರ್ರು ನನ್ನ ಷಡ್ಡಕ. ಗೊತ್ತಿತ್ತಾ? ಒಳ್ಳೇ ಮನೆ. ಗಾಳಿ ಬೆಳಕು ಚೆನ್ನಾಗಿದೆ," ಎಂದು ಹೇಳಿ ಹೊರಟರು.

ನಿಯಮದಂತೆ ನರ್ಸಮ್ಮನಿಗೆ ನೋಟಿಸು ಕೊಟ್ಟು ಕರೆಸಿದೆ. ಎತ್ತರದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಸಿ.ಎಸ್. ಪುರದ ಆಸ್ಪತ್ರೇಲಿ ಸರ್ವೀಸ್ ಮಾಡ್ದೆ ನಾನು. ಆ ಕಡೆ ಹೆಣ್ಮಕ್ಳು ದೊಡ್ಡಾಸ್ಪತ್ರೆ ಗೇಟ್ ಕಂಡ್ರೆ ಗಾಬ್ರಿ ಬೀಳ್ತಾರೆ. ದಿನ ತುಂಬಿದಾಗ ಬಂದು ನನ್ನ ಜಗಲೀಲಿ ಕೂತ್ಕೋತಾರೆ. ನೋವು ಬಂದ ಕೂಡ್ಲೆ ನಾನೇ ಆಟೋಲಿ ಕರ್ಕೊಂಡ್ ಹೋಗಿ ಸೇರಿಸ್ತೀನಿ. ಒಂದೊಂದ್ಸಲ ಅಷ್ಟು ಟೈಮ್ ಸಿಗಲ್ಲ, ಇಲ್ಲೇ ಆಗೋಗತ್ತೆ. ಮಗು ನಿಮ್ಮ ಬೈಲಾ ಓದ್ಕೊಂಡು ಹೊರಗೆ ಬರುತ್ತಾ?"

"ವಾಸಕ್ಕೆ ಮಾತ್ರ ಅಂತ ಷರತ್ತಿದೆಯಲ್ಲಮ್ಮ," ಎಂದೆ.

"ವಾಸನೇ ಮಾಡ್ತಿದೀನಿ. ಬೋರ್ಡ್ ಹಾಕಿದೀನಾ? ನೆಂಟರು ಬಂದ್ರೆ ಹೆರಲ್ವಾ?" ಎಂದವರು ಬಾಗಿಲವರೆಗೆ ಹೋಗಿ ತಿರುಗಿದರು. "ಈ ಮನೆ ಬಿಟ್ರೆ ನನಗೆ ಇನ್ನೊಂದು ಜಾಗ ಇಲ್ಲ. ಕನಿಕರ ತೋರ್ಸಿ ಅಂತ ಹೇಳ್ತಿಲ್ಲ. ಗೊತ್ತಿರ್ಲಿ ಅಂತ ಹೇಳ್ದೆ."

ಯಾರದು ಸರಿ ಎಂದು ನನಗೆ ನಿಜವಾಗಿ ತಿಳಿಯಲಿಲ್ಲ. ಷರತ್ತು ಇದ್ದದ್ದು ನಿಜ, ನರ್ಸಮ್ಮ ಹೇಳಿದ್ದೂ ಸುಳ್ಳಲ್ಲ. ಮೇಲಧಿಕಾರಿಯನ್ನು ಕೇಳಿದರೆ "ನಿಮ್ಮ ವಿವೇಚನೆ ಬಳಸಿ" ಎಂದು ಕೈ ತೊಳೆದುಕೊಂಡರು. ಅತ್ತ ದರಿ ಇತ್ತ ಪುಲಿ. ಕೊನೆಗೆ ಭಾನುವಾರ ಬಸ್ಸು ಹತ್ತಿ ಗುಬ್ಬಿಗೆ ಹೋದೆ. ನನಗೆ ಕೆಲಸ ಕಲಿಸಿದ ಹಿರಿಯ ಇನ್ಸ್‌ಪೆಕ್ಟರು ನಿವೃತ್ತರಾಗಿ ಅಲ್ಲಿದ್ದರು. ಅವರು ಅಂಗಳದಲ್ಲಿ ಹಲಸಿನ ತೊಳೆ ಬಿಡಿಸುತ್ತ ಎಲ್ಲ ಕೇಳಿಸಿಕೊಂಡರು.

"ಕ್ಯಾನ್ಸಲ್ ಮಾಡೋ ಅಧಿಕಾರ ಇದೆ ಕಣೋ ನಿಂಗೆ. ಆದ್ರೆ ಸುಮ್ನೆ ಮಾಡೋಕಾಗಲ್ಲ. ಆ ಮನೆಗೆ ಹೋಗ್ಬೇಕು, ಸಂಘದ ಇಬ್ಬರು ಸದಸ್ಯರು ಪಂಚರಾಗಿ ಜೊತೇಲಿ ಬರ್ಬೇಕು, ಕಂಡಿದ್ದನ್ನ ಮಹಜರು ಬರೀಬೇಕು. ಅದಿಲ್ದೆ ಸೈನ್ ಹಾಕಿದ್ರೆ ಕೋರ್ಟಲ್ಲಿ ನಿನ್ನೇ ನಿಲ್ಲಿಸ್ತಾರೆ. ಇನ್ನು ನೀರಿನ ವಿಷಯ. ನೀರು ಮುಟ್ಬೇಡ. ಅದು ಯಾವ ಬೈಲಾದಲ್ಲೂ ಇಲ್ಲ. ಸೈಟು ಸಂಘದ್ದಾದ್ರೆ ಬಾಯಾರಿಕೆನೂ ಸಂಘದ್ದೇನ್ಲಾ?"

"ಅವರು ಬಿಡೋ ಹಾಗೆ ಕಾಣಲ್ಲ ಸಾರ್," ಎಂದೆ.

"ಬುಡು, ನೀನ್ ಹುಟ್ಟಿದಾಗಿಂದ ಹೆದರ್ಕೊಂಡೇ ಇದೀಯ. ಹೆದರ್ಕೊಂಡೇ ಕೆಲ್ಸ ಮಾಡು, ಏನಾಯ್ತೀಗ?" ಎಂದು ಅವರು ಎಲೆಯಲ್ಲಿ ತೊಳೆ ಸುತ್ತಿ ಕೊಟ್ಟರು.

ಮಹಜರೆಂದರೆ ನಮ್ಮ ಇಲಾಖೆಯಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಅಧಿಕಾರಿ ಒಬ್ಬನೇ ಹೋಗಿ ನೋಡುವುದು, ಬರೆಯುವುದು, ಆಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಡೆ ತಿನ್ನುತ್ತ ಕೂತ ಇಬ್ಬರ ಮುಂದೆ ಹಾಳೆ ಹಿಡಿಯುವುದು. "ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ ಸಾರ್" ಎಂದು ಅವರು ಹಾಕಿಬಿಡುತ್ತಿದ್ದರು. ಕುಣಿಗಲ್ಲಿನಲ್ಲಾಗಲಿ ಗುಬ್ಬಿಯಲ್ಲಾಗಲಿ ಪಂಚರು ಜಾಗಕ್ಕೆ ಬಂದು ಕಣ್ಣಾರೆ ನೋಡಿ ಸಹಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಯಾರಿಗೂ ಅದು ತಪ್ಪೆನಿಸುತ್ತಲೂ ಇರಲಿಲ್ಲ.

ಊರಿಗೆ ವಾಪಸು ಬಂದರೆ ಮನೆ ಓನರ್ರು ಜಗಲಿಯಲ್ಲಿ ಕೂತಿದ್ದರು. "ಸುಣ್ಣ ಬಣ್ಣ ಮಾಡಿಸ್ಬೇಕು, ಖಾಲಿ ಮಾಡ್ಕೊಟ್ಬುಡಿ" ಎಂದರು. ನನ್ನ ಹೆಂಡತಿ ಹೊಸಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. ಇಬ್ಬರು ಹೆಣ್ಣುಮಕ್ಕಳು ಒಳಗೆ ಮಗ್ಗಿ ಹೇಳುತ್ತಿದ್ದರು. ನನ್ನ ವಿವೇಚನೆ ಆ ಸಂಜೆಗೇ ಮುಗಿದುಹೋಯಿತು. ಮಹಜರು ಮಾಡುವುದು, ಇರುವುದನ್ನು ಇದ್ದಂತೆ ಬರೆಯುವುದು, ಸೈಟು ರದ್ದು ಮಾಡಿ ಈ ಊರ ಉಸಾಬರಿಯಿಂದ ಬಿಡಿಸಿಕೊಳ್ಳುವುದು ಎಂದು ನಿಶ್ಚಯಿಸಿದೆ. ನೀರನ್ನು ಮಾತ್ರ ಮುಟ್ಟಬಾರದೆಂದು ನೀರುಗಂಟಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಮಹಜರಿನ ದಿನ ಬಿಸಿಲು ಏರುವ ಹೊತ್ತಿಗೆ ಹೋದೆ. ಕೊನೆಯ ಅಡ್ಡರಸ್ತೆಯ ತಲೆಯಲ್ಲೇ ನೀರುಗಂಟಿ ಬರಿಗೈಯಲ್ಲಿ ನಿಂತಿದ್ದ.

"ಕೀ ಕಿತ್ಕೊಂಡ್ರು ಸಾ. ಬೆಳಿಗ್ಗೇನೇ ವಾಲ್ ತಿರುಗ್ಸವ್ರೆ. ಈ ರಸ್ತೆಗೆ ಹನಿ ನೀರಿಲ್ಲ. ನಾನೇನ್ ಮಾಡ್ಲಿ, ಅಷ್ಟ್ ಜನ ಅವ್ರೆ."

ಆ ರಸ್ತೆಯಲ್ಲಿ ಆಗ ಕಟ್ಟಿದ್ದ ಮನೆ ನರ್ಸಮ್ಮನದೊಂದೇ, ಉಳಿದದ್ದೆಲ್ಲ ಖಾಲಿ ಸೈಟು. ಗೇಟಿನ ಮುಂದೆ ಜನ ಸೇರಿದ್ದರು. ಆಟೋ ಬರದಂತೆ ರಸ್ತೆಗೆ ಅಡ್ಡವಾಗಿ ಚಪ್ಪಡಿ ಕಲ್ಲು ಎಳೆದು ಹಾಕಿದ್ದರು. ಅದರಾಚೆ ಮಾಜಿ ಅಧ್ಯಕ್ಷರ ಮಂಡಿಯ ಟೆಂಪೊ ನಿಂತಿತ್ತು. ಜನ ನನಗೆ ದಾರಿ ಬಿಟ್ಟರು.

ನರ್ಸಮ್ಮ ಬಾಗಿಲಲ್ಲೇ ತಡೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. "ಇವತ್ತು ಬೇಡ. ಒಳಗೆ ನೋವು ತಿಂತಾ ಇದಾಳೆ ಒಬ್ಳು."

ಹೆಬ್ಬೂರಿನ ಹುಡುಗಿ, ಚೊಚ್ಚಲು. ಬೆಳಗಿನ ಬಸ್ಸಿಗೆ ಅತ್ತೆಯ ಜೊತೆ ಬಂದಿದ್ದಳಂತೆ. ಇಳಿಯುವಾಗಲೇ ನೋವು ಹೆಚ್ಚಾಗಿತ್ತು. ಆಸ್ಪತ್ರೆಗೆ ಕರೆದೊಯ್ಯೋಣವೆಂದು ಆಟೋ ತರಿಸುವಷ್ಟರಲ್ಲಿ ರಸ್ತೆಗೆ ಕಲ್ಲು ಬಿದ್ದಿತ್ತು. ನಡುಮನೆಯಲ್ಲಿ ಕೂತಿದ್ದ ಅತ್ತೆ ನನ್ನನ್ನು ನೋಡಿ ಕೈ ಮುಗಿದಳು.

"ಏನ್ ಸ್ವಾಮಿ, ಒಂದ್ ಕೊಡ ನೀರೂ ಬುಡಾಕಿಲ್ವಾ? ನಮ್ಮೂರಾಗೆ ದನ ಈಯ್ತಿದ್ರೂ ಓಡ್ ಬತ್ತಾರಲ್ಲ ಜನ."

ನಾನು ವಾಪಸು ಗೇಟಿಗೆ ಬಂದೆ. "ಒಳಗೆ ಹೆರಿಗೆ ಆಗ್ತಿದೆ. ವಾಲ್ವ್ ತೆಗೀರಿ, ಕಲ್ಲು ಸರಿಸಿ," ಎಂದೆ. ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದೆ.

ಮಾಜಿ ಅಧ್ಯಕ್ಷರ ಮುಖ ಅರಳಿತು. "ಕೇಳಿದ್ರಾ ಎಲ್ರೂ? ಆಡಳಿತಾಧಿಕಾರಿಗಳೇ ಹೇಳ್ತಿದಾರೆ, ಹೆರಿಗೆ ಆಗ್ತಿದೆ ಅಂತ. ಇದಕ್ಕಿಂತ ಸಾಕ್ಷಿ ಬೇಕಾ? ಬರ್ಕೊಳಿ ಸ್ವಾಮಿ ಮಹಜರಲ್ಲಿ. ಬರ್ದು ತನ್ನಿ, ಸೈನ್ ಹಾಕ್ತೀವಿ. ಆಮೇಲೆ ನೀರೂ ಬಿಡ್ತೀವಿ, ಕಲ್ಲೂ ತೆಗೀತೀವಿ."

ನಾನು ಒಳಗೆ ಹೋಗಿ ಬರೆಯತೊಡಗಿದೆ, ಬೇಗ ಬರೆದರೆ ಬೇಗ ನೀರು ಬರುತ್ತದೆ ಎಂದು. ನಡುಮನೆಯ ನೆಲದ ಮೇಲೆ ಕೂತು, ಕೋಣೆಗಳು ಇಷ್ಟು, ಕಿಟಕಿಗಳು ಇಷ್ಟು, ಮಂಚ ಒಂದು ಎಂದು ಬರೆದೆ. ಪಕ್ಕದ ಕೋಣೆಯಿಂದ ಬರುತ್ತಿದ್ದ ಕೂಗು ಕೇಳಿ ಅಕ್ಷರ ಅಡ್ಡಾದಿಡ್ಡಿಯಾಗುತ್ತಿತ್ತು. ನನ್ನ ಮಕ್ಕಳು ಹುಟ್ಟಿದಾಗ ನಾನು ಯಾವುದೋ ಹಳ್ಳಿಯಲ್ಲಿ ತಪಾಸಣೆಯಲ್ಲಿದ್ದೆ. ಹೆಂಗಸರು ಇಷ್ಟು ನೋವು ತಿನ್ನುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಕೂಗು ಒಮ್ಮೆಲೇ ನಿಂತು ಮಗು ಅತ್ತಿತು. ಜೋರಾಗಿ ಅತ್ತಿತು, ಗೇಟಿನವರೆಗೂ ಕೇಳಿಸುವಂತೆ. ಅತ್ತೆ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ನಾನೂ ಉಸಿರು ಬಿಟ್ಟೆ.

ಆಮೇಲೆ ನರ್ಸಮ್ಮ ಹೊರಗೆ ಬಂದರು. ಮೊಣಕೈವರೆಗೆ ರಕ್ತ.

"ರಕ್ತ ನಿಲ್ತಿಲ್ಲ. ಇಂಜೆಕ್ಷನ್ ಇದೆ, ಸಿರಿಂಜ್ ಕುದಿಸೋಕೆ ನೀರಿಲ್ಲ. ಇದ್ದಿದ್ದೆಲ್ಲ ಮುಗೀತು. ಕೈ ತೊಳೆಯೋಕೂ ಇಲ್ಲ. ನೀರು ಬೇಕು, ಗಾಡಿ ಬೇಕು. ಈಗ್ಲೇ. ಇಲ್ದಿದ್ರೆ ಹೋಗ್ಬಿಡ್ತಾಳೆ," ಎಂದರು. ಹೇಳಿದವರೇ ತಿರುಗಿ ಓಡಿ ಹುಡುಗಿಯ ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದರು.

ತೆರೆದ ಬಾಗಿಲಿನಿಂದ ನನಗೆ ಹುಡುಗಿಯ ಪಾದಗಳು ಕಂಡವು. ಅರಿಶಿನ ಹಚ್ಚಿದ, ಬಿಳಿಚಿಕೊಂಡ ಪಾದಗಳು. ಆ ಕ್ಷಣದವರೆಗೆ ನಾನು ಗೇಟಿನ ಹೊರಗಿದ್ದ ಜನಕ್ಕೆ ಹೆದರುತ್ತಿದ್ದೆ, ಬಾಡಿಗೆ ಮನೆಗೆ ಹೆದರುತ್ತಿದ್ದೆ. ಆಗ ಬೇರೊಂದು ಹೆದರಿಕೆ ಬಂತು. ಈ ರಸ್ತೆಯ ನೀರು ನಿಲ್ಲಿಸಿದ್ದು ಯಾರು ಎಂದು ನಾಳೆ ಕೇಳಿದರೆ ಸಂಘ ಎನ್ನುತ್ತಾರೆ. ಸಂಘವೆಂದರೆ ಈಗ ಬೇರೆ ಯಾರೂ ಇಲ್ಲ, ನಾನೇ. ಈ ಹುಡುಗಿ ಸತ್ತರೆ ಕೊಂದವನು ನಾನು.

ಹಾಳೆ ಹಿಡಿದುಕೊಂಡೇ ಗೇಟಿಗೆ ಓಡಿದೆ. ನೀರು ಎಂದು ಕೇಳಿದರೆ ಮಹಜರು ಎನ್ನುತ್ತಾರೆ, ಆದ್ದರಿಂದ ಮಹಜರನ್ನೇ ಹಿಡಿದೆ. ಅದು ಧೈರ್ಯವಲ್ಲ. ಬೇರೆ ದಾರಿ ಹೊಳೆಯಲಿಲ್ಲ.

"ಬರ್ದಾಯ್ತು. ಇಬ್ಬರು ಪಂಚರು ಬೇಕು. ಒಳಗೆ ಬನ್ನಿ," ಎಂದೆ.

ಯಾರೂ ಕದಲಲಿಲ್ಲ. ಮಗು ಅತ್ತದ್ದನ್ನು ಎಲ್ಲರೂ ಕೇಳಿದ್ದರು. ಅದು ಈಗ ಹಸಿ ಪುರುಡಿನ ಮನೆ. ಒಬ್ಬರು ತಮ್ಮ ಮನೆಯಲ್ಲಿ ನಾಳೆ ಸತ್ಯನಾರಾಯಣ ಪೂಜೆ ಎಂದರು. ಇನ್ನೊಬ್ಬರು ವ್ರತದಲ್ಲಿದ್ದರು. ಮತ್ತೊಬ್ಬರು ಹಿಂದಕ್ಕೆ ಸರಿದರು.

"ಒಳಗ್ಯಾಕೆ ಸ್ವಾಮಿ?" ಎಂದರು ಮಾಜಿ ಅಧ್ಯಕ್ಷರು ಪೆನ್ನು ತೆಗೆಯುತ್ತ. "ಇಲ್ಲೇ ಕೊಡಿ, ಹಾಕ್ತೀವಿ. ಎಲ್ಲಾ ಕಡೆ ಹಂಗೇ ಅಲ್ವಾ ಮಾಡೋದು?"

ಹೌದು, ಎಲ್ಲ ಕಡೆ ಹಾಗೇ. ಹಾಳೆಯನ್ನು ನಾನು ಬೆನ್ನ ಹಿಂದೆ ಹಿಡಿದುಕೊಂಡೆ. "ಇಲ್ಲ. ಒಳಗೆ ಬಂದು ಕಣ್ಣಲ್ಲಿ ನೋಡಿದವರು ಮಾತ್ರ ಸಹಿ ಹಾಕ್ಬಹುದು. ನೋಡದೆ ಹಾಕಿದ್ರೆ ನಾನು ಒಪ್ಪಲ್ಲ. ಇವತ್ತು ಮಹಜರು ಮುಗೀದಿದ್ರೆ ಕ್ಯಾನ್ಸಲೂ ಇಲ್ಲ."

"ಯೋಚ್ನೆ ಮಾಡಿ ಮಾತಾಡಿ," ಎಂದರು ಅವರು, ಇನ್ನೂ ಮೆತ್ತಗೆ. ಹಿಂದಿನಿಂದ ಯಾರೋ "ಏಯ್, ಇವನಿಗೂ ಎರಡು ಬಿಗೀರೋ" ಎಂದ. ನಾನು ಮೇಷ್ಟ್ರ ಕಡೆ ತಿರುಗಿದೆ. ಗುಂಪಿನಲ್ಲಿ ನನಗೆ ಬೈಯದೆ ಇದ್ದವರು ಅವರೊಬ್ಬರೇ.

"ಅರ್ಜೀಲಿ ಮೊದಲ ಸಹಿ ನಿಮ್ಮದು ಮೇಷ್ಟ್ರೇ. ನೀವಾದ್ರೂ ಬನ್ನಿ."

"ಮೇಷ್ಟ್ರೇ, ಪುರುಡು. ಹೋಗ್ಬೇಡಿ," ಎಂದರು ಮಾಜಿ ಅಧ್ಯಕ್ಷರು.

ಆ ಮಾತು ಆಡದಿದ್ದರೆ ಮೇಷ್ಟ್ರು ಏನು ಮಾಡುತ್ತಿದ್ದರೋ ತಿಳಿಯದು. ಅವರಿಗೆ ರೇಗಿಹೋಯಿತು. "ಏನಂದ್ರಿ? ಲಿಂಗ ಕಟ್ಟಿದ ಮೈಗೆ ಯಾವ ಪುರುಡು ರೀ? ಸೂತಕ ಇಲ್ಲ ಅಂತ ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿದೀನಿ. ನಾನು ಸಹಿ ಹಾಕಿದ್ದು ನಿಯಮಕ್ಕೆ, ನಿಮ್ಮ ಮಡಿಗಲ್ಲ!" ಎಂದು ಚಪ್ಪಲಿ ಬಿಟ್ಟು ಗೇಟು ತಳ್ಳಿ ಒಳಗೆ ನಡೆದೇಬಿಟ್ಟರು. ನಾನು ಅವರ ಹಿಂದೆ ಓಡಿದೆ.

ಕೋಣೆಯ ಬಾಗಿಲಲ್ಲಿ ಅವರು ನಿಂತದ್ದು ತೀರ ಸ್ವಲ್ಪ ಹೊತ್ತು. ನರ್ಸಮ್ಮ ತಲೆ ಎತ್ತಲಿಲ್ಲ. "ಯಾರಾದ್ರೂ ಸರಿ, ನೀರು ತನ್ನಿ," ಎಂದಷ್ಟೇ ಹೇಳಿದರು. ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿ ಅತ್ತೆಯ ಮಡಿಲಲ್ಲಿಟ್ಟಿದ್ದರು. ಮೇಷ್ಟ್ರು ಹಿಂದಿರುಗಿದಾಗ ಅವರ ಮುಖದಲ್ಲಿ ವಿಭೂತಿ ಯಾವುದು ಚರ್ಮ ಯಾವುದು ಗೊತ್ತಾಗುತ್ತಿರಲಿಲ್ಲ.

ಹೊರಗೆ ಬಂದವರು ಮಾಜಿ ಅಧ್ಯಕ್ಷರ ಮುಂದೆ ಕೈ ಚಾಚಿದರು. "ಕೀ."

"ಸೈನ್ ಆಯ್ತಾ ಮೇಷ್ಟ್ರೇ?"

"ಕೀ ಕೊಡ್ರೀ!" ಎಂದು ಅವರು ಅಬ್ಬರಿಸಿದ್ದಕ್ಕೆ ಇಡೀ ಗುಂಪು ಹಿಂದಿನ ಬೆಂಚಿನ ಹುಡುಗರಂತೆ ಬೆಚ್ಚಿತು. ಯಾರೋ ಕೀಯನ್ನು ನೀರುಗಂಟಿಯ ಕಡೆಗೆ ಎಸೆದರು. ವಾಲ್ವು ತೆಗೆದರೂ ಖಾಲಿ ಪೈಪು ತುಂಬಿ ನೀರು ಬರಲು ಹೊತ್ತು ಹಿಡಿಯುತ್ತದೆ. ಮೇಷ್ಟ್ರು ಕಾಯಲಿಲ್ಲ. ಪಕ್ಕದ ರಸ್ತೆಯಲ್ಲಿದ್ದ ತಮ್ಮ ಮನೆಯ ಕಡೆ ತಿರುಗಿ ಸೊಸೆಯ ಹೆಸರು ಕೂಗಿ ಕೊಡಪಾನ ತರಿಸಿದರು. ಸೊಸೆಯ ಹಿಂದೆಯೇ ಇನ್ನೂ ನಾಲ್ಕಾರು ಮನೆಗಳ ಹೆಂಗಸರು ಬಿಂದಿಗೆ ತಂದರು. ಅವರು ಗೇಟಿನ ಹತ್ತಿರ ಇಟ್ಟು ಹಿಂದೆ ಸರಿದರು, ಒಳಗೆ ಕಾಲಿಡಲಿಲ್ಲ. ಒಳಕ್ಕೆ ಹೊತ್ತವರು ಮೇಷ್ಟ್ರು ಮತ್ತು ನಾನು. ಪಂಚೆ ಎತ್ತಿ ಕಟ್ಟಿ, ಕೊಡಪಾನವನ್ನು ಸೊಂಟದ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಅವರು ಹೋಗಿಬರುತ್ತಿದ್ದರು.

ಸಿರಿಂಜು ಕುದಿಯುವ ತನಕ ಆ ಅಡುಗೆಮನೆಯಲ್ಲಿ ಸ್ಟೌವಿನ ಮುಂದೆ ನಿಂತ ಹೊತ್ತನ್ನು ನಾನು ಈಗಲೂ ಮರೆತಿಲ್ಲ. ನೀರು ಕುದಿಯುವುದಕ್ಕೆ ಅಷ್ಟು ಹೊತ್ತು ಬೇಕೇ? ಇಂಜೆಕ್ಷನ್ ಕೊಟ್ಟ ಮೇಲೆ ನರ್ಸಮ್ಮ ಹೊಟ್ಟೆ ನೀವುತ್ತಲೇ ಇದ್ದರು. "ಕಮ್ಮಿ ಆಗ್ತಿದೆ. ಆದ್ರೂ ಆಸ್ಪತ್ರೆಗೆ ಹೋಗ್ಲೇಬೇಕು. ರಕ್ತ ಕೊಡ್ಬೇಕು ಇವ್ಳಿಗೆ," ಎಂದರು.

ಗಾಡಿ ಎಂದರೆ ಕಲ್ಲಿನಾಚೆ ನಿಂತಿದ್ದ ಮಂಡಿಯ ಟೆಂಪೊ ಒಂದೇ. ನಾನು ಮಾಜಿ ಅಧ್ಯಕ್ಷರ ಮುಂದೆ ನಿಂತೆ. ಏನು ಹೇಳಬೇಕೆಂದು ಹೊಳೆಯದೆ ಮನಸ್ಸಿನಲ್ಲಿದ್ದದ್ದನ್ನೇ ಹೇಳಿಬಿಟ್ಟೆ: "ನನಗೆ ತುಂಬಾ ಭಯ ಆಗ್ತಿದೆ. ಅವಳು ಸತ್ತರೆ ನೀವೂ ನಾನೂ ಒಟ್ಟಿಗೇ ಜೈಲಿಗೆ ಹೋಗ್ತೀವಿ. ನಾನಂತೂ ಎಲ್ಲಾ ಬರ್ದುಕೊಡ್ತೀನಿ. ಯಾರು ಕೀ ಕಿತ್ಕೊಂಡ್ರು, ಯಾರು ಕಲ್ಲು ಹಾಕಿದ್ರು, ಎಲ್ಲಾ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಹೆದರಿಕೆಯನ್ನು ಹೆದರಿದವರೇ ಗುರುತು ಹಿಡಿಯಬಲ್ಲರು. ಅವರ ಕೆಳದುಟಿ ಒಣಗಿತ್ತು. ಡ್ರೈವರಿಗೆ ಕೈ ಸನ್ನೆ ಮಾಡಿದರು. ಕಲ್ಲು ಹಾಕಿದ್ದವರೇ ಕಲ್ಲು ಎತ್ತಿದರು.

ಹುಡುಗಿಯನ್ನು ಮಂಚದ ಸಮೇತ ಹೊತ್ತು ಟೆಂಪೊಗೆ ಏರಿಸಿದೆವು. ಮೇಷ್ಟ್ರು, ನೀರುಗಂಟಿ, ಡ್ರೈವರ್, ನಾನು, ನಾಲ್ವರು ನಾಲ್ಕು ಕಾಲು ಹಿಡಿದೆವು. ಟೆಂಪೊದೊಳಗೆ ಕೊಬ್ಬರಿ ಚೂರು ಹರಡಿತ್ತು, ಅದರ ಮೇಲೇ ನರ್ಸಮ್ಮ ಹುಡುಗಿಯ ಹೊಟ್ಟೆ ಒತ್ತಿ ಹಿಡಿದು ಕೂತರು. ದೊಡ್ಡಾಸ್ಪತ್ರೆ ತಲುಪುವವರೆಗೆ ನಾನು ಹಿಂದುಗಡೆ ಕೂತು ಹುಡುಗಿಯ ಮೂಗಿನ ಹತ್ತಿರ ಆಗಾಗ ಬೆರಳು ಹಿಡಿದು ನೋಡುತ್ತಿದ್ದೆ. ಅತ್ತೆ ಮಗುವನ್ನು ಅವುಚಿಕೊಂಡು ಊರ ದೇವರ ಹೆಸರನ್ನೆಲ್ಲ ಹೇಳುತ್ತಿದ್ದಳು. ಸಂಜೆಯ ಹೊತ್ತಿಗೆ ಒಳಗಿನಿಂದ ಬಂದ ಡಾಕ್ಟರು, ಜೀವಕ್ಕೆ ಅಪಾಯವಿಲ್ಲ ಎಂದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳುವುದಕ್ಕೆ ನಾಚಿಕೆಯಾಗಲಿಲ್ಲ.

ಮಾರನೆ ದಿನ ಮೇಷ್ಟ್ರು ಕಚೇರಿಗೆ ಬಂದು ಮಹಜರು ಓದಿದರು. "ಕೋಣೆ, ಕಿಟಕಿ, ಮಂಚ ಎಲ್ಲಾ ಸರಿಯಾಗಿದೆ. ನೀರು ಇರಲಿಲ್ಲ ಅನ್ನೋದನ್ನ ಬಿಟ್ಟಿದೀರಿ. ಸೇರಿಸಿ," ಎಂದರು. ಸೇರಿಸಿದೆ. ಸಹಿ ಹಾಕಿದರು. ಎರಡನೆಯ ಪಂಚರ ಜಾಗ ಖಾಲಿ ಉಳಿಯಿತು. ಒಳಗೆ ಬಂದು ನೋಡಲು ಬೇರೆ ಯಾವ ಸದಸ್ಯರೂ ಒಪ್ಪಲಿಲ್ಲವೆಂದು ಕೆಳಗೆ ಬರೆದೆ. ಇಬ್ಬರು ಪಂಚರಿಲ್ಲದ ಮಹಜರು ಮಹಜರಲ್ಲ, ಮಹಜರಿಲ್ಲದೆ ರದ್ದತಿ ಇಲ್ಲ. ದೂರನ್ನು ಮುಕ್ತಾಯ ಮಾಡಿ ಆದೇಶ ಟೈಪು ಮಾಡಿಸಿದೆ. ಷರತ್ತು ಮುರಿದವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಸಂಘಕ್ಕಿದೆ, ಯಾರ ನೀರನ್ನೂ ನಿಲ್ಲಿಸುವ ಅಧಿಕಾರ ಇಲ್ಲ, ಇಬ್ಬರು ಪಂಚರು ಒಳಗೆ ಹೋಗಿ ಕಣ್ಣಾರೆ ನೋಡದ ಮಹಜರು ಸಲ್ಲದು ಎಂಬ ಮಾತುಗಳನ್ನೂ ಕೊನೆಯಲ್ಲಿ ಹಾಕಿದೆ.

ಮಾಜಿ ಅಧ್ಯಕ್ಷರು ಆದೇಶದ ಪ್ರತಿ ತೆಗೆದುಕೊಂಡು ಮಡಿಸಿ ಜೇಬಿಗಿಟ್ಟರು. "ಚುನಾವಣೆ ಬರುತ್ತಲ್ಲ ಸ್ವಾಮಿ. ನಮ್ಮ ಕಮಿಟಿನೇ ಬರೋದು. ಆಗ ನಾವೇ ಮಾಡ್ಕೋತೀವಿ ಬಿಡಿ ಮಹಜರು," ಎಂದರು ಮೆತ್ತಗೆ. ಅದು ಸುಳ್ಳಾಗಿರಲಿಲ್ಲ. ಚುನಾವಣೆಯಲ್ಲಿ ಅವರ ಕಡೆಯವರೇ ಗೆದ್ದರು. ನಾವು ಬಾಡಿಗೆ ಮನೆ ಖಾಲಿ ಮಾಡಿದೆವು. ನನಗೆ ಕುಣಿಗಲ್ಲಿಗೆ ವರ್ಗವಾಯಿತು. ಅಧಿಕಾರ ವಹಿಸಿಕೊಟ್ಟು ಬಂದ ದಿನ ನನ್ನ ಭಯವೆಲ್ಲ ನರ್ಸಮ್ಮನ ಮನೆಯ ಮೇಲೆಯೇ ಇತ್ತು. ನನ್ನ ಆದೇಶವನ್ನು ಹೊಸ ಕಮಿಟಿ ಯಾವಾಗ ಬೇಕಾದರೂ ಬದಿಗಿಟ್ಟು ಮತ್ತೆ ಶುರು ಮಾಡಬಹುದಿತ್ತು. ಎಚ್ಚರಿಸೋಣವೆಂದು ಹೋದೆ.

ನರ್ಸಮ್ಮ ಜಗಲಿಯಲ್ಲಿ ಕಾಫಿ ಕೊಟ್ಟರು. ಪಕ್ಕದಲ್ಲಿ ಸಿ.ಎಸ್. ಪುರದ ಕಡೆಯ ಇಬ್ಬರು ಬಸುರಿಯರು ಕಾಲು ಚಾಚಿ ಕೂತಿದ್ದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ನಕ್ಕರು.

"ಇಬ್ಬರು ಪಂಚರು ಒಳಗೆ ಬಂದು ನೋಡ್ಲೇಬೇಕು ಅಂತ ನೀವೇ ಬರ್ದಿಟ್ಟಿದೀರಲ್ಲ. ಮೇಷ್ಟ್ರು ಮತ್ತೆ ಬರಲ್ಲ, ನಂಗೇ ಹೇಳಿದಾರೆ. ಉಳಿದವರು ಬರ್ಲಿ. ಯಾವತ್ತು ಬರ್ತಾರೆ? ಈ ಮನೇಲಿ ಪುರುಡು ಇಲ್ದಿರೋ ದಿನ ನೋಡ್ಕೊಂಡು ಬರ್ಬೇಕಲ್ಲ?" ಎಂದು ಆ ಇಬ್ಬರ ಕಡೆ ಕಣ್ಣು ಹಾಯಿಸಿದರು. "ಅಂಥಾ ದಿನ ಬರೋಕೆ ನಾನು ಬಿಡಲ್ಲ."

ನನಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಅಷ್ಟರಲ್ಲಿ ಇಬ್ಬರಲ್ಲಿ ಒಬ್ಬಳು ಸೊಂಟ ಹಿಡಿದುಕೊಂಡು "ಅವ್ವಾ" ಎಂದು ಮುಂದಕ್ಕೆ ಬಾಗಿದಳು. ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು, ಆಟೋ ತರಲು ಹೆದ್ದಾರಿಯ ಕಡೆಗೆ ಓಡಿದೆ.